ಗೇಣು ಗೇಣಾಗಿ ಇಳಿದ ಬಾವುಟ

ನಮ್ಮ ಪುರಸಭೆಯಲ್ಲಿ ಅಧ್ಯಕ್ಷರಿದ್ದರು, ಸದಸ್ಯರಿದ್ದರು, ಹೆಡ್ ಕ್ಲರ್ಕ್ ಇದ್ದರು. ಆದರೆ ತಾರಸಿಯ ಬೀಗದ ಕೈ ಇದ್ದದ್ದು ಒಬ್ಬಳ ಸೊಂಟದಲ್ಲಿ. ಹೀಗಾಗಿ ಪುರಸಭೆಯನ್ನು ನಿಜವಾಗಿ ಆಳುವವರು ಯಾರೆಂಬ ಬಗ್ಗೆ ತಿಳಿದವರಲ್ಲಿ ಭಿನ್ನಾಭಿಪ್ರಾಯ ಇರಲಿಲ್ಲ. ಕಾಗದದ ಮೇಲೆ ಆಕೆ ಜವಾನಳು. ಕಸ ಗುಡಿಸುವುದು, ಕಡತ ಹೊರುವುದು, ಚಹಾ ತರುವುದು, ಬೆಳಗ್ಗೆ ಬಾವುಟ ಏರಿಸಿ ಸಂಜೆ ಇಳಿಸುವುದು, ಇಷ್ಟೇ ಆಕೆಯ ಕೆಲಸ. ಊರವರ ಬಾಯಲ್ಲಿ ಮಾತ್ರ ಆಕೆ ದಂಡನಾಯಕಿ.

ಆ ಹೆಸರು ಸುಮ್ಮನೆ ಬಂದದ್ದಲ್ಲ. ಗಿಡ್ಡ ಆಳು, ಅಗಲ ಭುಜ, ಗಂಟಲು ಕಂಚಿನದು. ಮೆಟ್ಟಿಲು ಹತ್ತುವಾಗ ಬೆನ್ನ ಹಿಂದೆ ಆನೆ ಕುದುರೆ ಸಮೇತ ಇಡೀ ದಂಡು ಬರುತ್ತಿದೆಯೇನೋ ಅನ್ನುವ ಗತ್ತು. ಮಡಚಿದ ಬಾವುಟವನ್ನು ಮಾತ್ರ ಹಸುಗೂಸನ್ನು ಎತ್ತಿಕೊಂಡ ಹಾಗೆ ಎದೆಗೊತ್ತಿಕೊಂಡು ನಡೆಯುತ್ತಿದ್ದಳು. ಆ ಹೊತ್ತಿನಲ್ಲಿ ಅಧ್ಯಕ್ಷರೇ ಎದುರಿಗೆ ಬಂದರೂ ಗೋಡೆಗೆ ಅಂಟಿಕೊಂಡು ದಾರಿ ಬಿಡಬೇಕಿತ್ತು. ಬಿಡುತ್ತಿದ್ದರು ಕೂಡ.

ಆಕೆಯ ಗಂಡ ಎದುರಿನ ಓಣಿಯಲ್ಲಿ ಗಡಿಯಾರ ರಿಪೇರಿ ಮಾಡುವವನು. ಮೆತ್ತಗಿನ ಮನುಷ್ಯ. ಒಂದು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಇನ್ನೊಂದು ಕಣ್ಣಿನಲ್ಲಿ ಹೆಂಡತಿಯನ್ನು ನೋಡಿ ನಿಟ್ಟುಸಿರು ಬಿಡುತ್ತಿದ್ದ. "ನೀನು ಹೀಗೆ ದಿನಾ ಸರಿಯಾದ ಹೊತ್ತಿಗೆ ಬಾವುಟ ಏರಿಸ್ತಾ ಕೂತ್ರೆ ನನ್ನ ಹತ್ರ ಗಡಿಯಾರ ತರೋರು ಯಾರೇ? ಒಂದಿನ ಆದ್ರೂ ತಡ ಮಾಡು ಮಹರಾಯ್ತಿ." ಅದೊಂದು ಉಪಕಾರವನ್ನು ಆಕೆ ಅವನಿಗೆ ಮಾಡಲಿಲ್ಲ.

ಬಾವುಟವನ್ನು ಅರ್ಧಕ್ಕೆ ಇಳಿಸಬೇಕಾದ ದಿನ ಆಗೆಲ್ಲ ಅಪರೂಪವಾಗಿತ್ತು. ದೇಶದ ದೊಡ್ಡವರು ಯಾರಾದರೂ ತೀರಿಕೊಂಡರೆ ರಾಜಧಾನಿಯಿಂದ ಹೆಡ್ ಕ್ಲರ್ಕಿಗೆ ಫೋನು ಬರುತ್ತಿತ್ತು. ದಂಡನಾಯಕಿ ತಾರಸಿ ಹತ್ತಿ, ಬಾವುಟವನ್ನು ಮೊದಲು ಕಂಬದ ತುತ್ತತುದಿಗೆ ಏರಿಸುವಳು. ಅಲ್ಲಿ ಅದು ಒಂದು ಉಸಿರಿನಷ್ಟು ಹೊತ್ತು ಹಾರಬೇಕು. ಆಮೇಲೆ, ನಿದ್ದೆ ಹೋದ ಮಗುವನ್ನು ಹಾಸಿಗೆಗೆ ಇಳಿಸುವ ಹಾಗೆ, ಅರ್ಧಕ್ಕೆ ತರುವಳು. ಸಂಜೆ ಇಳಿಸುವ ಮುಂಚೆಯೂ ಅಷ್ಟೇ, ಮತ್ತೊಮ್ಮೆ ತುದಿ ಮುಟ್ಟಿಸಿಯೇ ಕೆಳಗೆ.

"ಅರ್ಧದಲ್ಲಿ ನಿಲ್ಲಿಸೋದೇ ಆದ್ರೆ ಮೇಲೆ ತನಕ ಯಾಕೆ ಎಳೀತೀಯಮ್ಮ? ರಟ್ಟೆಗೆ ಬೇರೆ ಕೆಲಸ ಇಲ್ವಾ?" ಎಂದು ಹೆಡ್ ಕ್ಲರ್ಕ್ ಒಮ್ಮೆ ಕೇಳಿದ್ದರು.

"ಎಲ್ಲಿಂದ ಇಳೀತು ಅಂತ ಜನಕ್ಕೆ ಕಾಣಬೇಡ್ವಾ ಸಾರ್?"

ಆಕೆ ಹಗ್ಗ ಹಿಡಿದರೆ ಜನ ನಿಂತು ನೋಡುತ್ತಿದ್ದರು. ತಕ್ಕಡಿ ಹಿಡಿದ ಅಂಗಡಿಯವನು ತೂಕ ಅಲ್ಲಿಗೇ ಬಿಡುತ್ತಿದ್ದ. ಸೈಕಲ್ಲಿನವರು ಒಂದು ಕಾಲು ನೆಲಕ್ಕೂರುತ್ತಿದ್ದರು. ಸತ್ತವರು ಯಾರೆಂದು ಗೊತ್ತಿಲ್ಲದವರೂ ಸುಮ್ಮನಾಗುತ್ತಿದ್ದರು.

ಆಮೇಲೆ ಹೊಸ ಅಧ್ಯಕ್ಷರು ಬಂದರು. ಕೆಟ್ಟವರಲ್ಲ, ಅದೇ ತೊಂದರೆ. ದೊಡ್ಡ ದೇಹ, ಬೆಣ್ಣೆಯಂಥ ಮನಸ್ಸು. ನಮ್ಮ ಪುರಸಭೆಯ ನಲ್ಲಿಗಳಂತಲ್ಲ ಅವರ ಕಣ್ಣು; ಯಾವ ಹೊತ್ತಿಗೆ ತಿರುಗಿಸಿದರೂ ನೀರು ಬರುತ್ತಿತ್ತು. ಯಾರ ಮನೆಯಲ್ಲಿ ಸಾವಾದರೂ ಅವರಿಗಿಂತ ಮೊದಲೇ ಇವರು ಅಳುತ್ತಿದ್ದರು.

ಮೊದಲ ಸಲ ಇಳಿಸಿದ್ದು ಊರಿನ ಹಳೆಯ ಮೇಷ್ಟ್ರಿಗೆ. ಅರ್ಧ ಊರಿಗೆ ಮಗ್ಗಿ ಕಲಿಸಿದವರು. ದಂಡನಾಯಕಿಯ ಕಿವಿಯನ್ನೂ ಹಿಂಡಿದವರು. ಮೇಲಿನಿಂದ ಫೋನು ಬಂದಿರಲಿಲ್ಲ. ಅಧ್ಯಕ್ಷರು "ಇಳಿಸಮ್ಮ" ಅಂದರು, ಆಕೆಯೂ ತುಟಿ ಪಿಟಕ್ಕೆನ್ನದೆ ಇಳಿಸಿದಳು. ಕೋಟೆಯ ಬಾಗಿಲು ತೆರೆದದ್ದು ಹೀಗೆ, ಒಳಗಿನವರ ಕೈಯಿಂದಲೇ.

ಮರುವಾರ ಉಪಾಧ್ಯಕ್ಷರ ಸೋದರಮಾವ ಹೋದರು. ಆಮೇಲೆ ಹೆಡ್ ಕ್ಲರ್ಕಿನ ದೊಡ್ಡಮ್ಮ. ಆಮೇಲೆ ಎಣ್ಣೆ ಗಿರಣಿಯವನ ಷಡ್ಡಕ. ಆ ಷಡ್ಡಕ ನಮ್ಮ ಊರಿಗೆ ಕಾಲಿಟ್ಟವನೇ ಅಲ್ಲ. ದಂಡನಾಯಕಿ ಅಧ್ಯಕ್ಷರ ಕೋಣೆಗೆ ನುಗ್ಗಿದಳು.

"ಇದೇನ್ ಸಾರ್, ಸತ್ತೋರಿಗೆಲ್ಲ ಬಾವುಟ ಇಳಿಸ್ತಾ ಹೋದ್ರೆ ಅದು ಏರೋದು ಯಾವಾಗ?"

ಅಧ್ಯಕ್ಷರು ಕರವಸ್ತ್ರ ತೆಗೆದರು. "ಮನೆ ಬಾಗಿಲಿಗೆ ಬಂದು ಅಳ್ತಾರಮ್ಮ. ನನ್ನ ಹತ್ರ ಕೊಡೋಕೆ ಏನಿದೆ ಹೇಳು? ರಸ್ತೆ ಕೊಡೋಕಾಗಲ್ಲ, ದೀಪ ಕೊಡೋಕಾಗಲ್ಲ. ಇರೋದು ಒಂದು ಹಗ್ಗ. ಅದನ್ನೂ ಇಲ್ಲ ಅನ್ನಲಾ?"

ಅವರ ಕಣ್ಣಿನಲ್ಲಿ ನೀರು ತುಂಬಿಕೊಂಡಿತು. ಅಳುವ ಶತ್ರುವಿನ ಮುಂದೆ ಯಾವ ದಂಡನಾಯಕಿ ಗೆದ್ದಾಳು? ಆಕೆ ಗೊಣಗುತ್ತ ಮೆಟ್ಟಿಲು ಹತ್ತಿದಳು.

ಇದಾದ ಮೇಲೆ ಸದಸ್ಯರೊಬ್ಬರ ತಂದೆ ತೀರಿಕೊಂಡರು. ಬಾವುಟ ಅರ್ಧಕ್ಕೆ ಇಳಿಯಿತು. ಸದಸ್ಯರು ಸಭೆಯಲ್ಲೇ ಮೇಜು ಕುಟ್ಟಿದರು: "ಎಣ್ಣೆ ಗಿರಣಿಯವನ ಷಡ್ಡಕನಿಗೂ ನಮ್ಮ ತಂದೆಗೂ ಒಂದೇ ಮಟ್ಟವಾ?" ಅವರು ಹೇಳಿದ್ದರಲ್ಲಿ ನ್ಯಾಯ ಇಲ್ಲದೆ ಇರಲಿಲ್ಲ. ಅಧ್ಯಕ್ಷರು ಯಾರ ಮನಸ್ಸನ್ನೂ ನೋಯಿಸದ ದಾರಿ ಹುಡುಕಿ ಹುಡುಕಿ ಕೊನೆಗೆ ಕಂಡುಕೊಂಡರು. "ಅವರಿಗಿಂತ ಒಂದು ಗೇಣು ಹೆಚ್ಚಿಗೆ ಇಳಿಸಮ್ಮ."

ಹೀಗೆ ನಮ್ಮ ಊರಿನ ಇತಿಹಾಸದಲ್ಲಿ ಗೇಣಿನ ಯುಗ ಶುರುವಾಯಿತು.

ಬೇರೆ ಊರುಗಳಲ್ಲಿ ಮನೆತನ ಅಳೆಯುವುದಕ್ಕೆ ಏನೇನು ಉಪಾಯಗಳಿವೆಯೋ ಗೊತ್ತಿಲ್ಲ. ನಮ್ಮಲ್ಲಿ ಹೆಣ್ಣು ನೋಡಲು ಹೋದವರು "ಹುಡುಗಿಯ ತಾತನಿಗೆ ಎಷ್ಟು ಗೇಣು?" ಎಂದು ಕೇಳುವುದಕ್ಕೆ ಶುರುಮಾಡಿದರು. ಅಣ್ಣತಮ್ಮಂದಿರು ಮಾತು ಬಿಟ್ಟರು. ಹಿರಿಯವನ ಮಾವನಿಗಿಂತ ಕಿರಿಯವನ ಮಾವ ಅರ್ಧ ಗೇಣು ಕೆಳಗಿದ್ದನಂತೆ. ಉದ್ದನೆಯ ಸದಸ್ಯರೊಬ್ಬರು, ದಂಡನಾಯಕಿಯ ಗೇಣು ಚಿಕ್ಕದು, ತಮ್ಮ ಗೇಣಿನಲ್ಲಿ ಅಳೆಯಬೇಕು ಎಂದು ತಕರಾರು ತೆಗೆದರು. "ಅಳೆಯಿರಿ ಸಾರ್. ಹಗ್ಗಾನೂ ನೀವೇ ಎಳೀರಿ, ಮೆಟ್ಟಿಲೂ ನೀವೇ ಗುಡಿಸಿ," ಎಂದು ಆಕೆ ಪೊರಕೆ ಮುಂದೆ ಹಿಡಿದಳು. ತಕರಾರು ಅಲ್ಲಿಗೆ ನಿಂತಿತು.

ಮನೆಯಲ್ಲೂ ಆಕೆಗೆ ಬಿಡುವಿರಲಿಲ್ಲ. ಅತ್ತೆ ಗೋಡೆಗೊರಗಿ ಕೂತು ವಿಚಾರಿಸುತ್ತಿದ್ದರು. "ನಾನು ಹೋದ್ರೆ ಎಷ್ಟು ಗೇಣೇ?"

"ನೀವೆಲ್ಲಿ ಹೋಗ್ತೀರಿ ಬಿಡಿ ಅತ್ತೆ."

"ಹೋದ್ರೆ ಅಂದೆ. ಹಗ್ಗ ಸೊಸೆ ಕೈಲಿದ್ದೂ ನನಗೆ ಒಂದು ಗೇಣು ಇಲ್ಲ ಅಂದ್ರೆ ನೆರೆಹೊರೆ ಏನಂದಾರು?"

"ನಿಮಗೆ ಬಾವುಟ ಯಾಕತ್ತೆ? ನೀವು ಹೋದ್ರೆ ಓಣಿಯಲ್ಲಿ ಸದ್ದೇ ಅಡಗಿಹೋಗುತ್ತೆ. ಜನಕ್ಕೆ ತಾನಾಗೇ ಗೊತ್ತಾಗುತ್ತೆ."

ಗಡಿಯಾರದವನು ಭೂತಗನ್ನಡಿಯನ್ನು ಇನ್ನೂ ಒತ್ತಿ ಸಿಕ್ಕಿಸಿಕೊಂಡು, ತಾನು ಅಲ್ಲಿ ಇಲ್ಲವೆಂಬಂತೆ ಒಂದು ಸಣ್ಣ ಹಲ್ಲುಚಕ್ರವನ್ನು ಒರೆಸಿದ.

ಗೇಣು ಗೇಣಾಗಿ ಇಳಿದ ಬಾವುಟ ಮತ್ತೆ ಮೇಲೆ ಹೋಗುವುದನ್ನೇ ಮರೆಯಿತು. ಒಬ್ಬರ ಶೋಕ ಮುಗಿಯುವ ಮುಂಚೆ ಇನ್ನೊಬ್ಬರು ಕಾದಿರುತ್ತಿದ್ದರು. ದಂಡನಾಯಕಿಗೂ ಬೇಸರ ಬಂತು. ಬೆಳಗ್ಗೆ ತುದಿ ಮುಟ್ಟಿಸುವುದನ್ನು ಬಿಟ್ಟಳು. ಅಂದಿನ ಮಟ್ಟ ಎಷ್ಟಿದೆಯೋ ಅಷ್ಟಕ್ಕೇ ಎಳೆದು ಕಟ್ಟಿಬಿಡುವಳು. ದಿನವೂ ಒಂದೇ ಜಾಗದಲ್ಲಿ ರಾಟೆಗೆ ಉಜ್ಜಿ ಉಜ್ಜಿ ಹಗ್ಗ ಸವೆಯಿತು. ಒಂದು ದಿನ ಆಕೆ ಕೈಯಲ್ಲಿ ಹಿಡಿದು ನೋಡುತ್ತಿದ್ದಾಗಲೇ ಪಟ್ಟೆಂದು ಹರಿಯಿತು. ಎರಡು ತುದಿಗಳನ್ನೂ ಸೇರಿಸಿ ದಪ್ಪ ಗಂಟು ಹಾಕಿದಳು. ಆ ಗಂಟು ರಾಟೆಯನ್ನು ದಾಟುತ್ತಿರಲಿಲ್ಲ. ದಾಟಬೇಕಾದ ಪ್ರಮೇಯವೂ ಇರಲಿಲ್ಲ.

ಆಗ ಕಂಟ್ರಾಕ್ಟರನ ತಾಯಿ ತೀರಿಕೊಂಡರು. ಊರಿನ ರಸ್ತೆಗಳನ್ನೆಲ್ಲ ಹಾಕಿಸಿದವನು ಆತ. ಒಂದು ಮಳೆಗೆ ಅವು ಎಲ್ಲಿ ಹೋದವೆಂದು ಯಾರೂ ಕೇಳುತ್ತಿರಲಿಲ್ಲ. ಈವರೆಗೆ ಯಾರಿಗೂ ಇಳಿಸದಷ್ಟು ಕೆಳಗೆ ಇಳಿಸಬೇಕು, ಅದೂ ವಾರವಿಡೀ ಎಂದು ಪಟ್ಟು ಹಿಡಿದ. ಅಧ್ಯಕ್ಷರು ಅತ್ತರು, ಒಪ್ಪಿದರು. ಬಾವುಟ ತಾರಸಿಯ ಮೋಟುಗೋಡೆಯ ಮಟ್ಟಕ್ಕೆ ಬಂದು ನಿಂತಿತು. ಕೆಳಗಿನ ರಸ್ತೆಯಿಂದ ನೋಡಿದರೆ ಯಾರೋ ಬಟ್ಟೆ ಒಣಹಾಕಿ ಮರೆತ ಹಾಗಿತ್ತು. ಪಾರಿವಾಳಗಳು ಮಾತ್ರ ಗೌರವ ಕೊಡುತ್ತಿದ್ದವು. ಕಂಬದ ಉಳಿದ ಭಾಗವೆಲ್ಲ ಈಗ ಅವುಗಳದೇ. ತಕ್ಕಡಿಯವನು ತಲೆ ಎತ್ತುವುದನ್ನು ಯಾವತ್ತೋ ಬಿಟ್ಟಿದ್ದ.

ಆ ವಾರದ ನಡುವೆಯೇ ದೂರದ ಗಣಿಯೊಂದರಲ್ಲಿ ಮಣ್ಣು ಕುಸಿಯಿತು. ಒಳಗಿದ್ದವರು ಯಾರೂ ಹೊರಗೆ ಬರಲಿಲ್ಲ. ಮರುದಿನ ಇಡೀ ದೇಶದಲ್ಲಿ ಶೋಕ, ಎಲ್ಲ ಕಚೇರಿಗಳ ಮೇಲೂ ಬಾವುಟ ಅರ್ಧಕ್ಕೆ ಎಂದು ರೇಡಿಯೋದಲ್ಲಿ ಹೇಳಿದರು. ಮಣ್ಣಿನಡಿ ಸಿಕ್ಕವರಲ್ಲಿ ಒಬ್ಬ ನಮ್ಮ ಊರಿನವನು. ಪುರಸಭೆಯ ಎದುರು ಹೊಲಿಗೆ ಅಂಗಡಿ ಇಟ್ಟಿರುವ ಟೈಲರಮ್ಮನ ತಮ್ಮ.

ಅಪ್ಪ ಅಮ್ಮ ಇಲ್ಲದ ಆ ತಮ್ಮನನ್ನು ಟೈಲರಮ್ಮ ಹೊಲಿಗೆ ಯಂತ್ರದ ಪಕ್ಕದಲ್ಲೇ ಬೆಳೆಸಿದ್ದಳು. ಗಣಿಯವರು ಅವನ ದೇಹವನ್ನು ಮೇಲೆ ತರಲಾಗುವುದಿಲ್ಲ ಎಂದಿದ್ದರು. ಮನೆಗೆ ಬರುವುದು ಏನೂ ಇರಲಿಲ್ಲ. ಉಳಿದದ್ದು ಈ ಬಾವುಟ ಒಂದೇ.

ಬೆಳಗ್ಗೆ ದಂಡನಾಯಕಿ ಎಂದಿನಂತೆ ತಾರಸಿಗೆ ಹೋಗಿ, ಕಂಟ್ರಾಕ್ಟರನ ತಾಯಿಯ ಮಟ್ಟಕ್ಕೆ ಬಾವುಟ ಕಟ್ಟಿ ಇಳಿದು ಬಂದಳು. ಮೆಟ್ಟಿಲ ಬುಡದಲ್ಲಿ ಟೈಲರಮ್ಮ ನಿಂತಿದ್ದಳು. ಕೊರಳಲ್ಲಿ ಅಳತೆ ಟೇಪು ಹಾಗೇ ಇತ್ತು, ತೆಗೆಯಲು ಮರೆತಿದ್ದಳು.

"ಅಕ್ಕ, ಇವತ್ತು ಇಳಿಸ್ತಾರೆ ಅಂತ ರೇಡಿಯೋದಲ್ಲಿ ಅಂದ್ರು. ನೋಡೋಣ ಅಂತ ಬಂದೆ."

"ಹೂಂನಮ್ಮ."

"ಯಾವಾಗ ಇಳಿಸ್ತೀರಿ?"

ದಂಡನಾಯಕಿ ಸೊಂಟದ ಬೀಗದ ಕೈಯನ್ನು ಸರಿಪಡಿಸಿಕೊಂಡಳು. ಟೈಲರಮ್ಮ ಅಂಗಳಕ್ಕೆ ಸರಿದು ತಲೆ ಎತ್ತಿದಳು. ಬಹಳ ಹೊತ್ತು ನೋಡಿದಳು.

"ಅದು ಇಳಿದೇ ಇದೆಯಲ್ಲಕ್ಕ."

"ಅದು ಕಂಟ್ರಾಕ್ಟರನ ತಾಯಿದು."

"ಹಾಗಾದ್ರೆ ನನ್ನ ತಮ್ಮಂದು?"

  ಮರುಗಳಿಗೆಯಲ್ಲಿ ಆಕೆ ಅಧ್ಯಕ್ಷರ ಕೋಣೆಯಲ್ಲಿದ್ದಳು.

ಅಧ್ಯಕ್ಷರು ಆಗಲೇ ಅಳುತ್ತಿದ್ದರು. "ಗೊತ್ತಮ್ಮ, ಗೊತ್ತು. ಇನ್ನೊಂದು ಗೇಣು ಇಳಿಸಿಬಿಡು."

"ಇನ್ನೊಂದು ಗೇಣು ಇಳಿಸಿದ್ರೆ ನೆಲ ಗುಡಿಸುತ್ತೆ ಸಾರ್. ಪೊರಕೆ ನನ್ನ ಹತ್ರ ಇದೆ, ಬಾವುಟ ಬೇಡ."

"ಮತ್ತೇನು ಮಾಡ್ತೀಯಾ?"

"ಏರಿಸ್ತೀನಿ."

ಅಧ್ಯಕ್ಷರಿಗೆ ಅಳು ನಿಂತುಹೋಯಿತು. "ಶೋಕದ ದಿನ ಏರಿಸ್ತೀಯಾ? ಕಂಟ್ರಾಕ್ಟರ್ ನನ್ನನ್ನ ಉಳಿಸ್ತಾನಾ?"

"ಏರದೆ ಇದ್ರೆ ಇಳಿಸೋದು ಎಲ್ಲಿಂದ ಸಾರ್? ಆ ಹುಡುಗಿ ಮುಖ ಒಂದ್ಸಲ ನೋಡಿ ಬನ್ನಿ. ಆಮೇಲೆ ಬೇಡ ಅನ್ನಿ, ನಾನು ಬೀಗದ ಕೈ ಮೇಜಿನ ಮೇಲಿಟ್ಟು ಮನೆಗೆ ಹೋಗ್ತೀನಿ."

ಬೀಗದ ಕೈ ಆ ಸೊಂಟದಿಂದ ಇಳಿಯುವುದೆಂದರೇನು! ಅಧ್ಯಕ್ಷರು ದೊಡ್ಡ ದೇಹ ಎತ್ತಿಕೊಂಡು ಹೊರಗೆ ಹೋಗಿ ನೋಡಿದರು. ಬೇಡ ಅನ್ನಲಿಲ್ಲ. ಅವರೇ ಮೊದಲು ಮೆಟ್ಟಿಲು ಹತ್ತಿದರು, ಏದುಸಿರು ಬಿಡುತ್ತ. ಹಿಂದೆ ದಂಡನಾಯಕಿ, ಆಕೆಯ ಹಿಂದೆ ಟೈಲರಮ್ಮ.

ದಂಡನಾಯಕಿ ಹಗ್ಗ ಬಿಚ್ಚಿ ಎಳೆದಳು. ಬಾವುಟ ಸ್ವಲ್ಪ ಏರಿ ನಿಂತುಬಿಟ್ಟಿತು. ಇನ್ನೂ ಬಲವಾಗಿ ಎಳೆದಳು. ಮೇಲೆ ರಾಟೆಯ ಬಾಯಲ್ಲಿ ಅದೇ ಗಂಟು, ಆಕೆಯೇ ಹಾಕಿದ ಗಂಟು, ಗಂಟಲಲ್ಲಿ ತುತ್ತು ಸಿಕ್ಕಿಕೊಂಡ ಹಾಗೆ ಸಿಕ್ಕಿಕೊಂಡಿತ್ತು.

"ಬೇರೆ ಹಗ್ಗ ತರಿಸೋಣ," ಎಂದರು ಅಧ್ಯಕ್ಷರು.

"ಇವತ್ತು ಅಂಗಡಿ ಎಲ್ಲಿ ತೆಗೆದಿರ್ತಾರೆ ಸಾರ್?"

ಟೈಲರಮ್ಮ ಮುಂದೆ ಬಂದಳು. "ಗಂಟು ಬಿಚ್ಚಿ ಹೊಲಿದ್ರೆ ದಾಟುತ್ತಲ್ವಾ? ತುದಿ ಎರಡನ್ನೂ ಎಳೆ ಎಳೆಯಾಗಿ ತೆಳ್ಳಗೆ ಮಾಡಿ, ಒಂದರ ಮೇಲೊಂದು ಇಟ್ಟು ಹೊಲೀತೀನಿ. ದಪ್ಪ ಆಗಲ್ಲ."

"ನೀನಾ? ಇವತ್ತಾ? ಬೇಡ ತಾಯಿ."

"ಸುಮ್ಮನೆ ಕೂತಿರೋಕೆ ಆಗ್ತಿಲ್ಲಕ್ಕ. ಕೊಡಿ."

ದಂಡನಾಯಕಿ ಬಾವುಟ ಇಳಿಸಿ ಬಿಚ್ಚಿ ಅಧ್ಯಕ್ಷರ ಹೆಗಲ ಮೇಲೆ ಹಾಕಿದಳು. ಗಂಟು ಕೈಗೆಟುಕುವ ತನಕ ಹಗ್ಗವನ್ನು ಕೆಳಗೆ ಎಳೆದು ಬಿಚ್ಚಿದಳು. ಈಗ ಬಂತು ಅಪಾಯ: ಎರಡು ತುದಿಗಳಲ್ಲಿ ಒಂದನ್ನು ಬಿಟ್ಟರೂ ಹಗ್ಗ ಸರ್ರೆಂದು ರಾಟೆಯಿಂದ ಜಾರಿ ಕೆಳಗೆ ಬೀಳುತ್ತದೆ, ಮತ್ತೆ ಕಂಬ ಹತ್ತಿ ಪೋಣಿಸಬಲ್ಲವರು ಆ ತಾರಸಿಯಲ್ಲಿ ಯಾರೂ ಇರಲಿಲ್ಲ. ಒಂದು ಕಡೆ ಅಧ್ಯಕ್ಷರ ಕೈಗೆ ಕೊಟ್ಟಳು. ಇನ್ನೊಂದು ಕಡೆ ಹಿಡಿಯುವವರು ಬೇಕಿತ್ತು.

ಸರಿಯಾಗಿ ಆ ಹೊತ್ತಿಗೆ ಕಂಟ್ರಾಕ್ಟರ್ ಮೆಟ್ಟಿಲನ್ನು ನಡುಗಿಸುತ್ತ ಬಂದ. ಬಾವುಟ ಕಾಣಿಸುತ್ತಿಲ್ಲ ಎಂದು ಯಾರೋ ಹೋಗಿ ಚಾಡಿ ಹೇಳಿದ್ದರು.

"ಏನ್ರೀ ಇದು? ನಮ್ಮಮ್ಮನ ವಾರ ಮುಗಿದಿಲ್ಲ! ಯಾರನ್ನ ಕೇಳಿ..."

"ಮಾತು ಆಮೇಲೆ. ಹಿಡ್ಕೊಳ್ಳಿ!" ದಂಡನಾಯಕಿ ಹಗ್ಗದ ತುದಿಯನ್ನು ಅವನ ಕೈಗೆ ತುರುಕಿದಳು. "ಬಿಟ್ಟೀರಿ ಮತ್ತೆ, ಜೋಕೆ!"

ಆ ಗಂಟಲಿಗೆ ಎದುರಾಡಿದವರು ಇಲ್ಲ. ಕಂಟ್ರಾಕ್ಟರ್ ಹಿಡಿದ. ಹಿಡಿದ ಮೇಲೆ ಬಿಡುವ ಹಾಗಿರಲಿಲ್ಲ. ಊರಿನ ಇಬ್ಬರು ಘಟಾನುಘಟಿಗಳು ಎದುರುಬದುರು, ತಲೆಯ ಮೇಲೆ ಒಂದೇ ರಾಟೆ, ಕೈಯಲ್ಲಿ ಒಂದೇ ಹಗ್ಗ. ನಡುವೆ ನೆಲದ ಮೇಲೆ ಕೂತ ಟೈಲರಮ್ಮ. ಕಂಟ್ರಾಕ್ಟರ್ ಬಾಯಿ ತೆರೆದ. ಅಷ್ಟರಲ್ಲಿ ಅವನ ಕಣ್ಣು ಕೆಳಗೆ ಹೋಯಿತು. ಅವಳ ತಮ್ಮನ ಸುದ್ದಿ ಊರಿಗೆಲ್ಲ ಗೊತ್ತಿತ್ತು, ಅವನಿಗೂ. ಬಾಯಿ ಮುಚ್ಚಿದ.

ಅವಳು ಹೊಲಿದಳು. ಎದುರಿನ ತನ್ನ ಅಂಗಡಿಯಿಂದ ತಂದಿದ್ದ ದಪ್ಪ ಸೂಜಿ, ಮೇಣ ಸವರಿದ ದಾರ. ಒಂದೊಂದು ಹೊಲಿಗೆಯನ್ನೂ ಹಲ್ಲಿನಿಂದ ಕಚ್ಚಿ ಬಿಗಿದಳು. ಬೆರಳಿಗೆ ಎರಡು ಸಲ ಚುಚ್ಚಿಕೊಂಡರೂ ನಿಲ್ಲಿಸಲಿಲ್ಲ. ನಡುವೆ ಒಮ್ಮೆ ತಲೆ ಎತ್ತದೆ, "ಅಣ್ಣ, ಸ್ವಲ್ಪ ಸಡಿಲ ಬಿಡಿ," ಎಂದಳು. ಕಂಟ್ರಾಕ್ಟರ್ ಸಡಿಲ ಬಿಟ್ಟ. "ಸಾಕಾ ತಾಯಿ?" ಎಂದು ಕೇಳಿದ. ಅವನ ರಸ್ತೆಗಳಿಗೆ ಆ ಕಾಳಜಿ ಸಿಕ್ಕಿದ್ದರೆ ನಮ್ಮ ಊರು ಎಲ್ಲಿಗೋ ಹೋಗುತ್ತಿತ್ತು.

ಹೊಲಿಗೆ ಮುಗಿಯಿತು. ದಂಡನಾಯಕಿ ಅಧ್ಯಕ್ಷರ ಹೆಗಲಿನಿಂದ ಬಾವುಟ ತೆಗೆದು ಕಟ್ಟಿ ಎಳೆದಳು. ಹೊಲಿದ ಜಾಗ ರಾಟೆಯ ಬಾಯಿಗೆ ಬಂತು.  ಸಣ್ಣಗೆ ಟಕ್ಕೆಂದಿತು, ಒಂದು ಕ್ಷಣ ಯೋಚನೆ ಮಾಡಿತು, ದಾಟಿತು. ಪಾರಿವಾಳಗಳು ಗಾಬರಿಯಾಗಿ ಎದ್ದವು. ಬಾವುಟ ಎಷ್ಟೋ ತಿಂಗಳ ಮೇಲೆ ಕಂಬದ ತುದಿ ಮುಟ್ಟಿತು, ಗಾಳಿ ಸಿಕ್ಕಿ ಪಟಪಟನೆ ಬಿಚ್ಚಿಕೊಂಡಿತು.

ಕೆಳಗೆ ರಸ್ತೆಯಲ್ಲಿ ಗದ್ದಲ. "ಏ, ಬಾವುಟ ಮೇಲೆ ಹೋಯ್ತು ಕಣ್ರೋ!" "ಯಾಕೋ? ಯಾರು ಎದ್ದು ಕೂತ್ರು?" "ಕಂಟ್ರಾಕ್ಟರನ ತಾಯಿ ಇರಬೇಕು, ಗಟ್ಟಿ ಮುದುಕಿ." ಬಾಗಿಲುಗಳು ತೆರೆದವು, ಕಿಟಕಿಗಳಲ್ಲಿ ತಲೆಗಳು ಮೂಡಿದವು. ಇಡೀ ಬೀದಿ ಕತ್ತೆತ್ತಿ ನಿಂತಿತು.

"ಬಾ, ನೀನೂ ಹಿಡಿ," ಎಂದಳು ದಂಡನಾಯಕಿ. ಟೈಲರಮ್ಮ ಹಗ್ಗಕ್ಕೆ ಕೈ ಹಚ್ಚಿದಳು. ಬಾವುಟ ಇಳಿಯತೊಡಗಿತು.

"ನಿಧಾನ ಅಕ್ಕ."

"ನಿಧಾನವೇ ಕಣಮ್ಮ."

"ಇನ್ನೂ ನಿಧಾನ."

ಬೀದಿಯ ಗದ್ದಲ ಯಾವಾಗ ನಿಂತಿತೋ ಯಾರಿಗೂ ತಿಳಿಯಲಿಲ್ಲ. ಎಷ್ಟೆತ್ತರದಿಂದ ಇಳಿಯುತ್ತಿದೆ ಎಂದು ಈ ಸಲ ಎಲ್ಲರಿಗೂ ಕಂಡಿತು. ಕಂಬದ ಅರ್ಧಕ್ಕೆ, ಒಂದು ಗೇಣು ಹೆಚ್ಚೂ ಇಲ್ಲ ಒಂದು ಗೇಣು ಕಡಿಮೆಯೂ ಇಲ್ಲ, ಬಂದು ನಿಂತಿತು. ಕಂಟ್ರಾಕ್ಟರ್ ಮೋಟುಗೋಡೆಯ ಪಕ್ಕ ನಿಂತಿದ್ದ, ಕೈ ಕಟ್ಟಿಕೊಂಡು. ತನ್ನ ತಾಯಿಯ ಮಟ್ಟಕ್ಕಿಂತ ಬಾವುಟ ಎಷ್ಟೋ ಮೇಲಿದೆ ಎಂಬುದನ್ನು ಅವನು ಅಳೆದಿರಲಿಕ್ಕಿಲ್ಲ.

ಆದರೆ ರಾತ್ರಿ ಮಲಗಿದ ಮೇಲೆ ಅಳೆದಿರಬೇಕು. ಮರುದಿನ ಬಾವುಟ ತುದಿಯಲ್ಲಿ ಹಾರುತ್ತಿದ್ದದ್ದನ್ನು ನೋಡಿ ಅವನು ನೇರ ಅಧ್ಯಕ್ಷರ ಕೋಣೆಗೆ ಹೋದ. ಅಮ್ಮನ ವಾರದಲ್ಲಿ ಇನ್ನೂ ದಿನ ಬಾಕಿ ಇದೆ, ಅದನ್ನು ಕೊಡಿ ಎಂದ. ಅಧ್ಯಕ್ಷರ ಕಣ್ಣು ತುಂಬಿತು. ಆದರೂ ಆ ಬೆಣ್ಣೆಯಂಥ ಮನುಷ್ಯ ಅಂದು ಒಂದು ಮಹಾಕಾರ್ಯ ಮಾಡಿದರು. "ಇನ್ಮೇಲೆ ಬಾವುಟದ ವಿಷಯ ನನ್ನನ್ನ ಕೇಳಬೇಡಿ. ಅವಳನ್ನ ಕೇಳಿ," ಎಂದು ಮೆಟ್ಟಿಲ ಕಡೆ ಬೆರಳು ತೋರಿಸಿದರು.

ದಂಡನಾಯಕಿ ಮೆಟ್ಟಿಲು ಗುಡಿಸುತ್ತಿದ್ದಳು.

"ನಮ್ಮಮ್ಮಂದು ಬಾಕಿ ಇದೆಯಲ್ಲ," ಎಂದ ಕಂಟ್ರಾಕ್ಟರ್.

"ಬಾವುಟ ಕೊಡಲ್ಲ ಅಣ್ಣ." ಪೊರಕೆಯನ್ನು ಗೋಡೆಗೆ ಒರಗಿಸಿದಳು. "ಕೂತ್ಕೊಳ್ಳಿ. ನಿಮ್ಮಮ್ಮ ಹೇಗಿದ್ರು ಹೇಳಿ. ನಾನು ಅವರನ್ನ ನೋಡೇ ಇಲ್ಲ."

ಕಂಟ್ರಾಕ್ಟರ್ ನಿಂತೇ ಇದ್ದ. ಶೋಕದ ಇಷ್ಟು ದಿನಗಳಲ್ಲಿ ಎಷ್ಟು ಗೇಣು ಎಂದು ಕೇಳಿದವರು ಬೇಕಾದಷ್ಟು ಜನ. ಇದನ್ನು ಕೇಳಿದವರು ಒಬ್ಬರೂ ಇರಲಿಲ್ಲ. ಕೊನೆಗೆ, ಗುಡಿಸಿದ ಮೆಟ್ಟಿಲು ಯಾವುದು ಎಂದು ನೋಡಿಕೊಂಡು, ಕೂತ.

"ನಮ್ಮಮ್ಮಾ... ಬಾಯಿ ಬಹಳ ಜೋರು," ಎಂದು ಶುರು ಮಾಡಿದ. "ನಾನು ಹಾಕಿದ ರಸ್ತೆ ಮೇಲೆ ನಡೆಯೋಲ್ಲ ಅಂತಿದ್ರು. ಪಕ್ಕದ ಮಣ್ಣಿನಲ್ಲೇ ನಡೆದು ಹೋಗೋರು. ಎಲ್ಲರ ಮುಂದೆ."

"ಅಯ್ಯೋ ದೇವರೇ," ಎಂದಳು ದಂಡನಾಯಕಿ, ತಾನೂ ಒಂದು ಮೆಟ್ಟಿಲು ಕೆಳಗೆ ಕೂರುತ್ತ. "ಆಮೇಲೆ?"

ಮಧ್ಯಾಹ್ನದ ತನಕ ಅವನು ಹೇಳುತ್ತಲೇ ಇದ್ದ. ಕಡತ ಹೊತ್ತು ಬಂದವರು ಅವರನ್ನು ದಾಟಲಾಗದೆ ಕೆಳಗೇ ನಿಂತು ಕೇಳಿಸಿಕೊಂಡರು. ಕೆಲಸವೆಲ್ಲ ಹಾಗೇ ನಿಂತುಹೋಗಿದೆ ಎಂದು ಬೈಯಲು ಅಧ್ಯಕ್ಷರು ಕೋಣೆಯಿಂದ ಹೊರಗೆ ಬಂದರು, ಎರಡು ಮಾತು ಕೇಳಿದರು, ಇನ್ನೂ ಒಂದು ಮೆಟ್ಟಿಲು ಕೆಳಗೆ ಕೂತು ಕರವಸ್ತ್ರ ತೆಗೆದರು.